ಎಳ್ಳಷ್ಟು ಇಂಗ್ಲಿಷು

ದೊಡ್ಡದನ್ನು ಹೇಳಲು ಯಾವ ಭಾಷೆಗೂ ಕಷ್ಟವಿಲ್ಲ. ಬೆಟ್ಟದಷ್ಟು, ಕಡಲಿನಷ್ಟು ಎಂದು ಕೈ ಅಗಲಿಸಿದರೆ ಮುಗಿಯಿತು. ಭಾಷೆಯ ಜಾಣತನ ತಿಳಿಯುವುದು ಅದು ತೀರಾ ಚಿಕ್ಕದನ್ನು ಹೇಳಹೊರಟಾಗ. ನಮ್ಮ ಅಡುಗೆಮನೆಯನ್ನೇ ನೋಡಿ: ಚಿಟಿಕೆ ಅರಿಶಿನ, ಹನಿ ತುಪ್ಪ, ಚೂರು ಬೆಲ್ಲ. ಬಾಯಿತಪ್ಪಿ ಯಾರಾದರೂ ಚಿಟಿಕೆ ತುಪ್ಪ ಎಂದರೆ ಮಕ್ಕಳೂ ನಗುತ್ತವೆ.

ಇಂಗ್ಲಿಷ್ ಕಲಿಯುವ ಚೀನೀಯರಿಗೆ ಈ ಪಾಠ ಅರ್ಧ ಸಲೀಸು, ಅರ್ಧ ಕಗ್ಗಂಟು. ಸಲೀಸೇಕೆಂದರೆ, ಚೀನೀ ಭಾಷೆಯಲ್ಲಿ ಸಂಖ್ಯೆಗೂ ವಸ್ತುವಿಗೂ ನಡುವೆ ಅಳತೆಯ ಮಾತೊಂದು ಇರಲೇಬೇಕು. ಒಂದು ಹನಿ ನೀರು, ಒಂದು ಕಾಳು ಅಕ್ಕಿ, ಒಂದು ಚಿಟಿಕೆ ಉಪ್ಪು ಎಂದೇ ಅವರ ರೂಢಿ. ಹಾಗಾಗಿ ಇಂಗ್ಲಿಷಿನ ಡ್ರಾಪ್, ಗ್ರೇನ್, ಪಿಂಚ್ ಅವರಿಗೆ ನೆಂಟರ ಮನೆಯ ಮಕ್ಕಳಂತೆ ಕಾಣುತ್ತವೆ.

ಚಿಕ್ಕದಕ್ಕೆ ಅವರಲ್ಲಿರುವ ಉಪಮೆಗಳೂ ಸೊಗಸು. 'ಸಿ' ಎಂದರೆ ರೇಷ್ಮೆಯ ಎಳೆ, 'ಹಾಓ' ಎಂದರೆ ನವಿರಾದ ಕೂದಲು. ಹಳೆಯ ತೂಕದ ಲೆಕ್ಕದಲ್ಲಿ ಹತ್ತು ಎಳೆ ಸೇರಿದರೆ ಒಂದು ಕೂದಲು! ಮಿಲಿಮೀಟರನ್ನು ಅವರು ಇವತ್ತಿಗೂ 'ಹಾಓಮಿ' ಎನ್ನುತ್ತಾರೆ. ಕೂದಲು ಅಲ್ಲಿ ಸೇರಿಕೊಂಡು ಕೂತಿದೆ. ಪುಡಿ ಅಧಿಕಾರಿಗೆ ಅವರಿಟ್ಟ ಹೆಸರು ಎಳ್ಳಧಿಕಾರಿ. ಎಳ್ಳಷ್ಟೂ ಸಂಶಯವಿಲ್ಲ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷಿನವರು ಎಳ್ಳು ಬಿಟ್ಟು ಅಕ್ಷರ ಹಿಡಿದರು. ಅಯೋಟ ಎಂಬುದು ಗ್ರೀಕ್ ವರ್ಣಮಾಲೆಯ ಅತಿ ಚಿಕ್ಕ ಅಕ್ಷರ. ಜಾಟ್ ಎಂಬ ಮಾತೂ ಅದರಿಂದಲೇ ಬಂದದ್ದು. ಔಷಧ ವ್ಯಾಪಾರಿಗಳ ಹಳೆಯ ತೂಕ ಸ್ಕ್ರೂಪಲ್, ಅಂದರೆ 20 ಗ್ರೇನ್, ಸುಮಾರು 1.3 ಗ್ರಾಂ. ಅದರ ಲ್ಯಾಟಿನ್ ಮೂಲಕ್ಕೆ ಚೂಪಾದ ಸಣ್ಣ ಕಲ್ಲು ಎಂದರ್ಥ. ಆತ್ಮಸಾಕ್ಷಿಯ ಚುಚ್ಚುವಿಕೆಗೂ ಅದೇ ಹೆಸರು. ಚಪ್ಪಲಿಯೊಳಗೆ ಹರಳು ಹೊಕ್ಕವರಿಗೆ ಇದು ಅರ್ಥವಾದೀತು.

ಇನ್ನೊಂದು ತಮಾಷೆಯಿದೆ. ಈ ಪದಗಳಲ್ಲಿ ಕೆಲವಕ್ಕೆ 'ಇಲ್ಲ' ಎಂಬ ಮನೆಯಲ್ಲಿ ಮಾತ್ರ ವಾಸ. ಎಳ್ಳಷ್ಟೂ ಸಂಶಯವಿಲ್ಲ ಎನ್ನಬಹುದು, ಎಳ್ಳಷ್ಟೂ ಸಂಶಯವಿದೆ ಎನ್ನಲಾಗದು. ಚೀನೀಯರ 'ಸಿಹಾಓ', ಇಂಗ್ಲಿಷಿನ ಅಯೋಟ, ಎರಡೂ ಬಹುಮಟ್ಟಿಗೆ ಇದೇ ಜಾತಿಯವು.

ಕಗ್ಗಂಟಿರುವುದು ಇವಾವುದರಲ್ಲೂ ಅಲ್ಲ, ಎಲ್ಲರಿಗೂ ಗೊತ್ತಿರುವ ಲಿಟ್ಲ್ ಎಂಬ ಮಾತಿನಲ್ಲಿ. 'ಎ ಲಿಟ್ಲ್' ಎಂದರೆ ಸ್ವಲ್ಪ ಇದೆ. ಆ 'ಎ' ಬಿದ್ದುಹೋಗಿ ಬರಿಯ 'ಲಿಟ್ಲ್' ಉಳಿದರೆ, ಇಲ್ಲವೆನ್ನುವಷ್ಟು ಕಡಿಮೆ. ಚೀನೀ ಭಾಷೆಯಲ್ಲಿ ಈ 'ಎ' ಎಂಬ ಉಪಪದವೇ ಇಲ್ಲ. ಆದ್ದರಿಂದ ಅದು ಅವರ ನಾಲಿಗೆಯಿಂದ ಸುಲಭವಾಗಿ ಜಾರುತ್ತದೆ. ಅವರಿಗೆ ಪಾಠ ಹೇಳುವವರು ಮೊದಲನೆಯದಕ್ಕೆ 'ಈದ್ಯೆನ್', ಅಂದರೆ ಒಂದು ಚುಕ್ಕೆ, ಎರಡನೆಯದಕ್ಕೆ 'ಹೆನ್ ಶಾಓ', ಅಂದರೆ ತೀರಾ ಕಡಿಮೆ, ಎಂದು ಬೇರೆಬೇರೆ ಮಾತು ಕೊಟ್ಟು ತಿಳಿಸಬೇಕಾಗುತ್ತದೆ. ಕನ್ನಡದಲ್ಲೂ ಉಪಪದವಿಲ್ಲ. ಆದರೆ ನಮಗೆ ಒಂದು 'ಏ' ಇದೆ: ಅಕ್ಕಿ ಸ್ವಲ್ಪ ಇದೆ ಎಂದರೆ ಅಡುಗೆಯಾದೀತು, ಸ್ವಲ್ಪವೇ ಇದೆ ಎಂದರೆ ಅಂಗಡಿಗೆ ಓಡಬೇಕು. ಇಂಗ್ಲಿಷಿನವರು ಒಂದಕ್ಷರ ತೆಗೆದು ಮಾಡಿದ್ದನ್ನು ನಾವು ಒಂದಕ್ಷರ ಸೇರಿಸಿ ಮಾಡುತ್ತೇವೆ.

ಇದೆಲ್ಲ ವ್ಯಾಕರಣದ ಚೌಕಾಶಿ ಎನ್ನಬೇಡಿ. ಪರದೇಶದ ಆಸ್ಪತ್ರೆಯಲ್ಲಿ ಎದೆನೋವಿನ ರೋಗಿಯೊಬ್ಬ ತನಗೆ 'ಲಿಟ್ಲ್' ನೋವಿದೆ ಎಂದರೆ, ವೈದ್ಯರಿಗೆ ಅದು ನೋವಿಲ್ಲವೆಂದೇ ಕೇಳಿಸಬಹುದು. ಇನ್ನು, ಒಳಗೆ ಮಲಗಿರುವ ತಾಯಿಯ ಬಗ್ಗೆ ವೈದ್ಯರು ಹೊರಬಂದು ಹೇಳುವ ಮಾತು: 'ಎ ಲಿಟ್ಲ್ ಹೋಪ್' ಎಂದರೆ ಮಗ ಬಾಗಿಲಲ್ಲೇ ರಾತ್ರಿ ಕಾಯುತ್ತಾನೆ, 'ಲಿಟ್ಲ್ ಹೋಪ್' ಎಂದರೆ ಊರಿನವರಿಗೆ ಫೋನು ಮಾಡಲು ಏಳುತ್ತಾನೆ. ಮಗ ಚೀನೀಯನಾಗಲಿ, ಕನ್ನಡದವನಾಗಲಿ, ಆ ಹೊತ್ತಿನಲ್ಲಿ ಕಿವಿಗೊಟ್ಟು ಕೇಳಬೇಕಾದದ್ದು ಆ ಒಂದೇ ಅಕ್ಷರವನ್ನು.