ಕಾಗೆಬಂಗಾರದ ಊರಿನಲ್ಲಿ ಕೊನೆಯ ನಡಾವಳಿ

ರೇಡಿಯೊ ಕೇಳುತ್ತ ಬೆಳೆದವರಿಗೆ ಝುಮ್ರಿ ತಲೈಯಾ ಎಂಬ ಹೆಸರನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ವಿವಿಧ ಭಾರತಿಯ ‘ಆಪ್ ಕೀ ಫರ್ಮಾಯಿಶ್’ ಇರಲಿ, ರೇಡಿಯೊ ಸಿಲೋನಿನ ಕಾರ್ಯಕ್ರಮಗಳಿರಲಿ, ಹಾಡು ಕೋರಿದವರ ಪಟ್ಟಿಯಲ್ಲಿ ಆ ಊರಿನ ನಾಲ್ಕಾರು ಹೆಸರುಗಳು ಇದ್ದೇ ಇರುತ್ತಿದ್ದವು. ಉದ್ಘೋಷಕರು ಆ ಹೆಸರುಗಳನ್ನೆಲ್ಲ ಓದಿ ಮುಗಿಸುವಷ್ಟರಲ್ಲಿ ನಮ್ಮ ಸರದಿ ಬರುವ ಆಸೆ ಬತ್ತಿಹೋಗುತ್ತಿತ್ತು. ಇಂಥದೊಂದು ಊರು ನಿಜವಾಗಿ ಇದೆಯೇ, ಇಲ್ಲಾ ರೇಡಿಯೊದವರೇ ಕಟ್ಟಿದ ಹೆಸರೇ ಎಂಬ ಅನುಮಾನ ದೇಶದಲ್ಲಿ ಅನೇಕರಿಗಿತ್ತು. ತರೀಕೆರೆಯ ನಮಗೂ ಇತ್ತು.

ನಮಗೂ ಎಂದರೆ ನಮ್ಮ ರೇಡಿಯೊ ಕೇಳುಗರ ಬಳಗಕ್ಕೆ. 1984ರಲ್ಲಿ, ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಊರಿನ ಪೋಸ್ಟ್ ಮಾಸ್ತರರು ಕಟ್ಟಿದ ಬಳಗ ಅದು. ಭಾನುವಾರ ಬೆಳಿಗ್ಗೆ ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಭೆ. ಹದಿನೈದು ಪೈಸೆಯ ಕಾರ್ಡಿನಲ್ಲಿ ಎಷ್ಟು ಹೆಸರು ತುಂಬಿಸಬಹುದೆಂಬುದೇ ಮುಖ್ಯ ಚರ್ಚೆ. ಭದ್ರಾವತಿ ಆಕಾಶವಾಣಿಗೆ ಕನ್ನಡ ಹಾಡಿಗಾಗಿ ಒಂದು ಕಾರ್ಡು, ವಿವಿಧ ಭಾರತಿಗೆ ಒಂದು, ಸಿಲೋನಿಗೆ ಹೆಚ್ಚು ಅಂಚೆಚೀಟಿ ಅಂಟಿಸಿದ ಲಕೋಟೆ. ಬುಧವಾರ ರಾತ್ರಿ ಎಂಟಕ್ಕೆ ಅಮೀನ್ ಸಯಾನಿಯವರ ‘ಗೀತ್‌ಮಾಲಾ’. 1952ರಲ್ಲಿ ಶುರುವಾದ ಆ ಕಾರ್ಯಕ್ರಮದಲ್ಲಿ ಹಾಡುಗಳ ಸ್ಥಾನ ನಿರ್ಧರಿಸುವಾಗ ಕೇಳುಗರ ಸಂಘಗಳ ಮತವನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಆದ್ದರಿಂದ ಸಂಘ ಎಂದಮೇಲೆ ಮೊಹರು ಬೇಕು, ನಡಾವಳಿ ಪುಸ್ತಕ ಬೇಕು, ಕಾರ್ಯದರ್ಶಿ ಬೇಕು. ಕಾಲಾನಂತರ ಆ ಕಾರ್ಯದರ್ಶಿ ನಾನೇ ಆದೆ.

ನಲವತ್ತು ವರ್ಷ ನಡೆದ ಆ ಬಳಗವನ್ನು 2024ರ ಜೂನ್ ತಿಂಗಳಲ್ಲಿ ಮುಚ್ಚಿದೆವು. ಫೆಬ್ರುವರಿಯಲ್ಲಿ ಅಮೀನ್ ಸಯಾನಿಯವರು ತೀರಿಕೊಂಡಾಗ ಸಂತಾಪ ಸೂಚಿಸಲು ಕೂಡಿದವರು ಐದೇ ಜನ. ಪೋಸ್ಟ್ ಮಾಸ್ತರರು ಹೋಗಿ ಎಷ್ಟೋ ವರ್ಷವಾಗಿತ್ತು. ಕೆಲವರು ಮಕ್ಕಳ ಮನೆಗಳಿಗೆ, ಬೆಂಗಳೂರಿಗೆ ಹೊರಟುಹೋಗಿದ್ದರು. ಶಾರ್ಟ್‌ವೇವ್ ತಿರುಗಿಸಿದರೆ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರುಗಳ ಗೊರಗೊರ ಸದ್ದೇ ಹೆಚ್ಚು. ಬೇಕಾದ ಹಾಡು ಬೇಕೆಂದ ಗಳಿಗೆಯಲ್ಲಿ ಜೇಬಿನೊಳಗೇ ಸಿಗುವಾಗ ಕೋರಿಕೆ ಯಾರಿಗೆ ಬರೆಯುವುದು? ಮುಚ್ಚೋಣವೆಂದು ನಾನೇ ಠರಾವು ಮಂಡಿಸಿದೆ.

“ಮೇಷ್ಟ್ರೇ, ನಾವಿರೋ ತನಕ ಇರ್ಲಿ ಬಿಡಿ. ಅದೇನು ಅನ್ನ ಕೇಳುತ್ತಾ, ನೀರು ಕೇಳುತ್ತಾ?” ಎಂದರು ನಮ್ಮ ಟೈಲರಣ್ಣ. ನಾನು ಹಟ ಹಿಡಿದೆ. ಅವರು ಸಹಿ ಹಾಕದೆ ಎದ್ದುಹೋದರು. ಕೊನೆಯ ಸಭೆಯ ನಡಾವಳಿಯನ್ನು ಬರೆಯಲು ನನಗೂ ಕೈ ಬರಲಿಲ್ಲ. ಪುಸ್ತಕ ನನ್ನ ಬಳಿಯೇ ಉಳಿಯಿತು.

ಆ ವರ್ಷದ ದಸರಾ ರಜೆಯಲ್ಲಿ ತಂದೆಯವರ ಪಿಂಡಪ್ರದಾನಕ್ಕೆಂದು ಕಾಶಿ ಮುಗಿಸಿ ಗಯೆಗೆ ಹೋದೆವು. ವಿಷ್ಣುಪಾದ, ಫಲ್ಗು ನದಿಯ ದಂಡೆ, ಅಕ್ಷಯವಟ ಎಲ್ಲ ಆಯಿತು. ವಾಡಿಕೆಯಂತೆ ಇಷ್ಟವಾದ ಒಂದು ಹಣ್ಣನ್ನೂ ಒಂದು ತರಕಾರಿಯನ್ನೂ ಬಿಡಬೇಕೆಂದರು ಪುರೋಹಿತರು. ನಾನು ಹಾಗಲಕಾಯಿ ಎಂದೆ. “ಇಷ್ಟವಾದದ್ದು ಬಿಡಬೇಕು ಕಣ್ರೀ, ತಿನ್ನದೇ ಇರೋದನ್ನಲ್ಲ” ಎಂದು ನನ್ನಾಕೆ ಮೆಲ್ಲಗೆ ತಿವಿದಳು. ಬದನೆಕಾಯಿ ಬಿಟ್ಟೆ. ಆದರೆ ಮಾತು ಮನಸ್ಸಿನಲ್ಲಿ ಉಳಿಯಿತು. ಬಳಗವನ್ನು ನಾನು ಬಿಟ್ಟದ್ದು ಬದನೆಕಾಯಿಯಂತೆಯೋ, ಹಾಗಲಕಾಯಿಯಂತೆಯೋ? ಕಾಲ ಮುಗಿಯಿತೆಂದು ಮುಚ್ಚಿದೆನೋ, ನನಗೆ ಬೇಸರ ಬಂದಿತೆಂದು ಮುಚ್ಚಿದೆನೋ?

ಗಯಾ ನಿಲ್ದಾಣದ ಫಲಕದಲ್ಲಿ ‘ಕೋಡರ್ಮಾ’ ಎಂಬ ಹೆಸರು ಕಂಡದ್ದು ಆಗಲೇ. ಝುಮ್ರಿ ತಲೈಯಾಕ್ಕೆ ರೈಲು ನಿಲ್ದಾಣವೆಂದರೆ ಕೋಡರ್ಮಾ ಜಂಕ್ಷನ್ನೇ. “ಗಯೆಗೆ ಬಂದವರು ಹಾಡಿನ ಊರು ನೋಡೋಕೆ ಹೋದ್ರು ಅಂದ್ರೆ ಜನ ನಗ್ತಾರೆ” ಎಂದಳಾಕೆ. ಆದರೂ ಚೀಲ ಎತ್ತಿಕೊಂಡಳು.

1906ರಲ್ಲಿ ಪೂರ್ಣಗೊಂಡ ಗ್ರ್ಯಾಂಡ್ ಕಾರ್ಡ್ ರೈಲು ಮಾರ್ಗವಿದು. ಗಯೆಯ ಬಯಲು ಮುಗಿದು ಗುರ್ಪಾ ದಾಟುತ್ತಲೇ ರೈಲು ಘಟ್ಟ ಹತ್ತತೊಡಗುತ್ತದೆ. ತಿರುವುಗಳು, ಸುರಂಗಗಳು, ಇಕ್ಕೆಲದಲ್ಲಿ ಸಾಲ ಮರಗಳ ಕಾಡು. ನಮ್ಮ ಸಕಲೇಶಪುರ ಘಟ್ಟದ ಭವ್ಯತೆ ಇದಕ್ಕಿಲ್ಲ, ಆದರೆ ಮಳೆ ಮುಗಿದ ಅಕ್ಟೋಬರಿನಲ್ಲಿ ಕಣ್ಣಿಗೆ ತಂಪು. ಘಟ್ಟ ಹತ್ತಿ ಮುಗಿದರೆ ಛೋಟಾನಾಗಪುರ ಪ್ರಸ್ಥಭೂಮಿಯ ಅಂಚು. 2000ದ ನವೆಂಬರಿನಿಂದ ಇದು ಝಾರ್ಖಂಡ್ ರಾಜ್ಯ. ಅದಕ್ಕೂ ಮೊದಲು ಬಿಹಾರ.

ಊರು ನೋಡಿದರೆ ನಮ್ಮ ಕಡೂರೋ ಬೀರೂರೋ ಎನ್ನಬೇಕು. ಕಿರಿದಾದ ಬಜಾರು, ಆಟೋಗಳ ಗದ್ದಲ, ಸಿಹಿ ಅಂಗಡಿಗಳು. ದುರ್ಗಾಪೂಜೆಯ ಚಪ್ಪರಗಳಲ್ಲಿ ಧ್ವನಿವರ್ಧಕಗಳು ಜೋರಾಗಿ ಹಾಡುತ್ತಿದ್ದವು. ಇಲ್ಲಿನ ಕಲಾಕಂದ್ ಹೆಸರುವಾಸಿ. ಹಾಲನ್ನು ಒಡೆಸಿ ಕಾಯಿಸಿ ಮಾಡಿದ, ಮರಳು ಮರಳಾದ ಸಿಹಿ. ಎಲೆದೊನ್ನೆಯಲ್ಲಿ ಕೊಟ್ಟದ್ದನ್ನು ತಿಂದ ಮೇಲೆ ನನ್ನಾಕೆಯ ಮುನಿಸು ಅರ್ಧ ಇಳಿಯಿತು.

ನಾನು ನೆಲ ನೋಡುತ್ತಿದ್ದೆ. ರಸ್ತೆಬದಿಯ ಮಣ್ಣು ಬಿಸಿಲಿಗೆ ಮಿಣಮಿಣ ಹೊಳೆಯುತ್ತಿತ್ತು. ಅಭ್ರಕ. ನಮ್ಮ ಹಳ್ಳಿಗಳಲ್ಲಿ ಕಾಗೆಬಂಗಾರ ಎನ್ನುತ್ತೇವಲ್ಲ, ಅದೇ. ಗಯೆ, ನವಾದಾಗಳಿಂದ ಕೋಡರ್ಮಾದ ಮೂಲಕ ಗಿರಿಡೀಹ್‌ವರೆಗೆ ಹಬ್ಬಿದ ಅಭ್ರಕ ಪಟ್ಟಿ ಒಂದು ಕಾಲದಲ್ಲಿ ಜಗತ್ತಿಗೇ ಹಾಳೆ ಅಭ್ರಕ ಒದಗಿಸುತ್ತಿತ್ತು. ಪೊಟ್ಯಾಸಿಯಂ, ಅಲ್ಯೂಮಿನಿಯಂ, ಸಿಲಿಕಾನ್ ಸೇರಿದ ಈ ಖನಿಜದ ವಿಶೇಷವೆಂದರೆ ಪುಸ್ತಕದ ಹಾಳೆಯಂತೆ ಸೀಳುತ್ತದೆ. ಉಗುರಿನಿಂದ ಬಿಡಿಸಿದರೆ ಕೂದಲಿಗಿಂತ ತೆಳ್ಳಗಿನ ಪದರವೂ ಬರುತ್ತದೆ. ಶಾಖಕ್ಕೆ ಜಗ್ಗುವುದಿಲ್ಲ, ವಿದ್ಯುತ್ತನ್ನು ಬಿಟ್ಟುಕೊಡುವುದಿಲ್ಲ. ಹಳೆಯ ಇಸ್ತ್ರಿ ಪೆಟ್ಟಿಗೆ ಬಿಚ್ಚಿದವರು ಇದನ್ನು ನೋಡಿರುತ್ತೀರಿ.

ಇನ್ನೊಂದು ಸ್ವಾರಸ್ಯವಿದೆ. ಹಳೆಯ ವಾಲ್ವ್ ರೇಡಿಯೊದ ಗಾಜಿನ ವಾಲ್ವಿನೊಳಗೆ ತಂತಿ, ತಗಡುಗಳನ್ನು ಅಲುಗದಂತೆ ಹಿಡಿದಿರುವುದು ಅಭ್ರಕದ ಬಿಲ್ಲೆ. ಅದರ ಒಳ್ಳೆಯ ಕಂಡೆನ್ಸರುಗಳಲ್ಲೂ ಅಭ್ರಕದ ಹಾಳೆಯೇ. ಈ ಊರಿನವರು ಅಗೆದು, ಸೀಳಿ, ಕತ್ತರಿಸಿ ಹಡಗು ಹತ್ತಿಸಿದ್ದು ಎಲ್ಲೆಲ್ಲಿಯದೋ ರೇಡಿಯೊಗಳ ಹೊಟ್ಟೆ ಸೇರುತ್ತಿತ್ತು. ಅಂಥದೇ ರೇಡಿಯೊದ ಮುಂದೆ ಕೂತು ಅವರು ಹಾಡಿಗೆ ಕಾಯುತ್ತಿದ್ದರು. ಇಲ್ಲಿಂದ ಕೊಲಂಬೊ ಸುಮಾರು ಎರಡು ಸಾವಿರ ಕಿ.ಮೀ. ಭೂಮಿ ದುಂಡಗಿರುವುದರಿಂದ ನೇರ ಹೊರಟ ರೇಡಿಯೊ ಅಲೆ ಇಲ್ಲಿಗೆ ತಲುಪಲಾರದು. ಆದರೆ ಶಾರ್ಟ್‌ವೇವ್ ಅಲೆ ಮೇಲೇರಿ, ಇನ್ನೂರು ಮುನ್ನೂರು ಕಿ.ಮೀ. ಎತ್ತರದ ಅಯಾನುಗೋಳದಲ್ಲಿ ಬಾಗಿ ಮತ್ತೆ ನೆಲಕ್ಕಿಳಿಯುತ್ತದೆ. ಕತ್ತಲಾದ ಮೇಲೆ ಅಲೆಯನ್ನು ಹೀರುವ ಕೆಳಗಿನ ಪದರ ಕರಗುವುದರಿಂದ ರಾತ್ರಿ ಇನ್ನೂ ಚೆನ್ನ. ನಮ್ಮ ತರೀಕೆರೆಗೂ ಇಲ್ಲಿಗೂ ಕೊಲಂಬೊದ ದನಿ ಬಂದದ್ದು ಆ ಒಂದೇ ಆಕಾಶದ ಸೂರಿಗೆ ಬಡಿದು.

“ರೇಡಿಯೊಗೆ ಬರೆಯುತ್ತಿದ್ದವರು ಯಾರಾದರೂ ಇದ್ದಾರೆಯೇ?” ಎಂದು ಆಟೋದವನನ್ನು ಕೇಳಿದೆ. ಅವನಿಗೆ ಇದು ಹೊಸ ಪ್ರಶ್ನೆಯಲ್ಲ. ಬಜಾರಿನ ಒಂದು ಮೊಬೈಲ್ ಅಂಗಡಿಯ ಮುಂದೆ ಇಳಿಸಿದ. ಒಳಗೆ ಮಗ ಮೊಬೈಲಿನ ಗಾಜು ಬದಲಿಸುತ್ತಿದ್ದ. ಕುರ್ಚಿಯಲ್ಲಿ ಕೂತಿದ್ದ ಎಪ್ಪತ್ತೈದು ದಾಟಿದ ಅಪ್ಪ ಅದೇ ಜಾಗದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದವರು. ನಾನು ಕರ್ನಾಟಕದವನು, ಮೇಷ್ಟ್ರು, ಕೇಳುಗರ ಸಂಘದ ಕಾರ್ಯದರ್ಶಿಯಾಗಿದ್ದೆ ಎಂದು ನನ್ನ ಗೀತ್‌ಮಾಲಾ ಹಿಂದಿಯಲ್ಲಿ ಹೇಳಿದೆ. “ಬೈಠಿಯೇ ಮಾಸ್ಟರ್‌ಜೀ” ಎಂದು ಸ್ಟೂಲು ಎಳೆದರು.

ಅಭ್ರಕದ ವ್ಯಾಪಾರದಲ್ಲಿ ಕೈತುಂಬ ಹಣವಿದ್ದ ಕಾಲ, ಅಂಚೆ ಕಾರ್ಡಿಗೆ ಯಾರೂ ಲೆಕ್ಕ ನೋಡುತ್ತಿರಲಿಲ್ಲವಂತೆ. ಯಾರ ಹೆಸರು ಹೆಚ್ಚು ಸಲ ಬಂತೆಂಬುದು ಊರಿನೊಳಗಿನ ಪಂದ್ಯ. ಎದುರಾಳಿಯ ಕಾರ್ಡು ಹೋಗದಂತೆ ಅಂಚೆಯವನಿಗೆ ಕಾಸು ಕೊಟ್ಟವರೂ ಇದ್ದರೆಂದು ಹೇಳಿ ನಕ್ಕರು. ನಿಜವೋ ಕಟ್ಟುಕಥೆಯೋ, ಊರಿಡೀ ಹೇಳುವ ಮಾತು. “ನಿಮ್ಮಿಂದಾಗಿ ನಮ್ಮ ಹೆಸರು ಬರಲಿಲ್ಲ” ಎಂದೆ. ಎರಡೂ ಕೈ ಜೋಡಿಸಿ ಕ್ಷಮೆ ಕೇಳಿದರು.

ಆಮೇಲೆ ಅಭ್ರಕದ ದಿನ ಮುಗಿಯಿತು. ವಾಲ್ವಿನ ಜಾಗಕ್ಕೆ ಟ್ರಾನ್ಸಿಸ್ಟರ್ ಬಂತು, ಅಭ್ರಕದ ಹಾಳೆಯ ಜಾಗಕ್ಕೆ ಪ್ಲಾಸ್ಟಿಕ್, ಪಿಂಗಾಣಿ ಬಂದವು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಕಾಡಿನೊಳಗಿನ ಗಣಿಗಳು ಒಂದೊಂದಾಗಿ ನಿಂತವು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ದೊಡ್ಡ ಗಿರಾಕಿಯೂ ಹೋದ. ಗಣಿ ಮುಚ್ಚಿದರೂ ಹೊಟ್ಟೆ ಮುಚ್ಚಲಿಲ್ಲ. ಪಾಳುಬಿದ್ದ ಗಣಿಗಳ ತಿಪ್ಪೆಯಲ್ಲಿ ಅಭ್ರಕದ ಚೂರು ಆಯುವುದು ಬಡವರ ಕಸುಬಾಯಿತು. ಅದಕ್ಕೆ ಇಲ್ಲಿ ಢಿಬ್ರಾ ಎನ್ನುತ್ತಾರೆ. ಮಣ್ಣು ಕುಸಿದು ಸತ್ತವರಲ್ಲಿ ಮಕ್ಕಳೂ ಸೇರಿದ್ದಾರೆ. ಆ ಚೂರು ಪುಡಿಯಾಗಿ ಕಾರಿನ ಬಣ್ಣಕ್ಕೆ, ತುಟಿಯ ರಂಗಿಗೆ ಹೊಳಪು ಕೊಡುತ್ತದೆ. ಲೆಕ್ಕಪತ್ರ ಮುಗಿಸದೆ ಮುಚ್ಚಿದ ಉದ್ಯಮದ ಗತಿ ಇದು.

“ನಿಮ್ಮ ಸಂಘ ಯಾವಾಗ ಮುಚ್ಚಿತು?” ಎಂದು ಕೇಳಿದೆ. ಮುದುಕರು ತುಸು ಯೋಚಿಸಿದರು. “ಮುಚ್ಚಲಿಲ್ಲ ಮಾಸ್ಟರ್‌ಜೀ. ಒಂದು ವಾರ ಯಾರೂ ಬರೆಯಲಿಲ್ಲ. ಮುಂದಿನ ವಾರವೂ ಬರೆಯಲಿಲ್ಲ. ಮೊಹರು ಎಲ್ಲಿ ಹೋಯಿತೋ, ಪುಸ್ತಕ ಎಲ್ಲಿ ಹೋಯಿತೋ. ಯಾರು ಯಾರು ಇದ್ದೆವು ಎಂದು ಈಗ ನನಗೇ ಪೂರ್ತಿ ನೆನಪಿಲ್ಲ” ಎಂದರು. ನನ್ನ ಚೀಲದಲ್ಲಿದ್ದ ನಡಾವಳಿ ಪುಸ್ತಕ ತೆಗೆದು ತೋರಿಸಿದೆ. ಕನ್ನಡ ಲಿಪಿ ಅವರಿಗೆ ಬಾರದು. ಹಾಳೆ ತಿರುವಿ, ಮೊಹರಿನ ಮೇಲೆ ಬೆರಳಾಡಿಸಿ, “ಹೆಸರು ಓದಿ” ಎಂದರು.

ನಾನು ಓದಿದೆ. ಮೊದಲ ಪುಟದ ಪಟ್ಟಿ, ಪೋಸ್ಟ್ ಮಾಸ್ತರರಿಂದ ಹಿಡಿದು ಟೈಲರಣ್ಣನವರೆಗೆ. ಹೆಸರು ಹೆಸರಿಗೂ ಮುದುಕರು ತಲೆದೂಗಿದರು. ಕೊನೆಗೆ, ಬೇಕೆಂದೇ ಉದ್ಘೋಷಕರ ಧಾಟಿಯಲ್ಲಿ, “ಔರ್ ತರೀಕೆರೆ ಸೇ ಇನ್ ಸಬ್ ದೋಸ್ತೋಂ ಕೀ ಫರ್ಮಾಯಿಶ್” ಎಂದರು. ಮಗ ಕೆಲಸ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದ. ನನ್ನ ಗಂಟಲು ಕಟ್ಟಿತ್ತು. ಝುಮ್ರಿ ತಲೈಯಾದವರು ನಮ್ಮ ಹೆಸರು ಹೇಳುವುದಕ್ಕೆ ನಲವತ್ತು ವರ್ಷ ಹಿಡಿದಿತ್ತು.

ಸಂಜೆ ತಿಲೈಯಾ ಅಣೆಕಟ್ಟಿಗೆ ಹೋದೆವು. ಬರಾಕರ್ ನದಿಗೆ ಅಡ್ಡಲಾಗಿ ದಾಮೋದರ ಕಣಿವೆ ನಿಗಮ ಕಟ್ಟಿದ ಮೊದಲ ಅಣೆಕಟ್ಟು ಇದು. 1953ರ ಫೆಬ್ರುವರಿ 21ರಂದು ಉದ್ಘಾಟನೆಯಾಯಿತು. ಎತ್ತರ ಸುಮಾರು 30 ಮೀಟರ್, ಉದ್ದ 366 ಮೀಟರ್. ನಮ್ಮ ಭದ್ರಾ ಅಣೆಕಟ್ಟು ನೋಡಿದವರಿಗೆ ಚಿಕ್ಕದೆನಿಸಬಹುದು. ಆದರೆ ಗುಡ್ಡಗಳ ನಡುವೆ ಚಾಚಿದ ನೀರು ಬಲು ಸೊಗಸು. ದಂಡೆಯ ಕಲ್ಲಿನ ಮೇಲೆ ಕೂತು, ನನ್ನಾಕೆ ನೀರು ನೋಡುತ್ತಿರುವಾಗ, ಕೊನೆಯ ನಡಾವಳಿ ಬರೆದೆ. ಮಾತು ದೊಡ್ಡದೇನಿಲ್ಲ. ಹಾಜರಿದ್ದವರು, ಇಲ್ಲದವರು. ಉಳಿದ ಹಣ ಶಾಲೆಯ ವಾಚನಾಲಯಕ್ಕೆ. ವಾಲ್ವ್ ರೇಡಿಯೊ ವಿಜ್ಞಾನ ಕೊಠಡಿಗೆ. ಮೊಹರು ಟೈಲರಣ್ಣನವರ ವಶಕ್ಕೆ. ‘ಒಬ್ಬ ಸದಸ್ಯರ ವಿರೋಧವನ್ನು ದಾಖಲಿಸಲಾಗಿದೆ’ ಎಂದೂ ಸೇರಿಸಿದೆ. ಜೂನ್ ಸಭೆಯಲ್ಲಿ ಅವಸರ ಮಾಡಿದ್ದು ನಾನೇ ಎಂದು ಬರೆದಾಗ ಮನಸ್ಸು ಹಗುರಾಯಿತು. ಮುಚ್ಚಬಾರದಿತ್ತೆಂದು ಈಗಲೂ ಅನಿಸುವುದಿಲ್ಲ. ಆದರೆ ಮುಚ್ಚುವಾಗ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಬೇಕಿತ್ತು.

ಹೋಗಬಯಸುವವರಿಗೆ ಎರಡು ಮಾತು. ಬೆಂಗಳೂರಿನಿಂದ ಪಂಡಿತ್ ದೀನದಯಾಳ್ ಉಪಾಧ್ಯಾಯ ಜಂಕ್ಷನ್, ಅಂದರೆ ಹಿಂದಿನ ಮೊಗಲ್‌ಸರಾಯ್‌ವರೆಗೆ ರೈಲಿದೆ. ಅಲ್ಲಿಂದ ಗಯೆಯ ಮೂಲಕ ಕೋಡರ್ಮಾ. ಕಾಶಿ, ಗಯೆ ಯಾತ್ರೆಗೆ ಬಂದವರು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡರೆ ಸಾಕು. ಮಳೆ ಮುಗಿದ ಮೇಲಿಂದ ಫೆಬ್ರುವರಿವರೆಗೆ ಹವೆ ಹಿತ. ಚಳಿಗಾಲದಲ್ಲಿ ಕಂಬಳಿ ಬೇಕು.

ಊರಿಗೆ ಬಂದ ಮರುದಿನ ಕಲಾಕಂದ್ ಡಬ್ಬಿ, ಅಂಗೈಯಗಲದ ಒಂದು ಅಭ್ರಕದ ತುಂಡು, ನಡಾವಳಿ ಪುಸ್ತಕ ಹಿಡಿದು ಟೈಲರ್ ಅಂಗಡಿಗೆ ಹೋದೆ. ನಾಲ್ಕು ತಿಂಗಳಿಂದ ಆ ಮೆಟ್ಟಿಲು ಹತ್ತಿರಲಿಲ್ಲ. ಟೈಲರಣ್ಣ ಕನ್ನಡಕ ಸರಿಮಾಡಿಕೊಂಡು ನಡಾವಳಿಯನ್ನು ಎರಡು ಸಲ ಓದಿದರು. “ಮುದುಕಪ್ಪ ನನ್ನ ಹೆಸರು ಕೇಳಿದ್ನಾ?” ಎಂದರು. “ತಲೆದೂಗಿದ್ರು” ಎಂದೆ. ಮಿಷನ್ನಿನ ಡ್ರಾಯರಿನಿಂದ ಪೆನ್ನು ತೆಗೆದು ತಮ್ಮ ವಿರೋಧದ ಸಾಲಿನ ಕೆಳಗೇ ಸಹಿ ಹಾಕಿದರು.

ಈಗ ರೇಡಿಯೊ ಶಾಲೆಯಲ್ಲಿದೆ. ಒಂಬತ್ತನೇ ತರಗತಿಯವರಿಗೆ ಅದರ ಬೆನ್ನು ಬಿಚ್ಚಿ ತೋರಿಸುತ್ತೇನೆ. ಮೊನ್ನೆ ಒಬ್ಬ ಹುಡುಗಿ ವಾಲ್ವಿನೊಳಗಿನ ಬಿಲ್ಲೆಯನ್ನು ನೋಡಿ, “ಇದು ಯಾವೂರಿಂದ ಬಂತು ಸಾರ್?” ಎಂದು ಕೇಳಿದಳು. ಆ ಪೀರಿಯಡ್ಡಿನ ಪಾಠ ಅಲ್ಲಿಗೇ ನಿಂತಿತು. ಭೂಪಟ ತರಿಸಿದೆ.