ಅವು ಬರೀ ವಿಕ್ಟೋರಿಯನ್!

ಸಾಲ್ಸ್‌ಬರಿ ಕೆಥೆಡ್ರಲ್‌ನ ಶಿಖರ 123 ಮೀಟರ್. ಬ್ರಿಟನ್ನಿನ ಯಾವ ಚರ್ಚಿಗೂ ಇಷ್ಟು ಎತ್ತರದ ಶಿಖರವಿಲ್ಲ. ಕೆಳಗೆ ಪಶ್ಚಿಮದ ಗೋಡೆಯ ತುಂಬ ಕಲ್ಲಿನ ಸಂತರು, ಸಾಲುಸಾಲಾಗಿ. ನಾನು ಬಾಯಿಬಿಟ್ಟುಕೊಂಡು ನೋಡುತ್ತಿದ್ದರೆ, ಊರು ತೋರಿಸಲು ನಿಂತಿದ್ದ ಸ್ವಯಂಸೇವಕಿ ಅಜ್ಜಿ, "ಓ, ಅವಾ? ಮುಕ್ಕಾಲು ಪಾಲು ಬರೀ ವಿಕ್ಟೋರಿಯನ್" ಎಂದು ಕೈಯಾಡಿಸಿಬಿಟ್ಟರು. ನೂರೈವತ್ತು ವರ್ಷ ಮಳೆಗಾಳಿ ತಿಂದ ಮೂರ್ತಿಗಳ ಮೇಲೆ ಇಷ್ಟು ಅಸಡ್ಡೆ!

ಆ ಊರಲ್ಲಿ ಯಾವುದರ ವಯಸ್ಸು ಕೇಳಿದರೂ ಮೊದಲು ಬರುವುದು ಇಸವಿಯಲ್ಲ, ರಾಜರಾಣಿಯರ ಹೆಸರು. ಕಪ್ಪು ತೊಲೆಗಳು ಎದ್ದುಕಾಣುವ ಮನೆ ಟ್ಯೂಡರ್, ಅಚ್ಚುಕಟ್ಟು ಇಟ್ಟಿಗೆಯದು ಜಾರ್ಜಿಯನ್. 1714ರಿಂದ 1830ರವರೆಗೆ ಸಾಲಾಗಿ ನಾಲ್ವರು ಜಾರ್ಜರೇ ಆಳಿದ್ದರಿಂದ ಲೆಕ್ಕವೂ ಸಲೀಸು. ಒಂಬತ್ತೇ ವರ್ಷ ಆಳಿದ ಏಳನೇ ಎಡ್ವರ್ಡನಿಗೂ ಒಂದು 'ಕಾಲ' ದಕ್ಕಿದೆ.

ಒಳಗೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಗಡಿಯಾರ. ಮುಖವಿಲ್ಲ, ಮುಳ್ಳಿಲ್ಲ. ಕಬ್ಬಿಣದ ಚೌಕಟ್ಟು, ಹಲ್ಲುಚಕ್ರಗಳು, ಹಗ್ಗ ಸುತ್ತಿದ ಮರದ ಉರುಳೆ. ಮೇಲೊಂದು ಅಡ್ಡಕಂಬಿ ಅತ್ತಿಂದಿತ್ತ ತಿರುಗುತ್ತ ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಬಿಟ್ಟುಕೊಡುತ್ತದೆ. ಗಂಟೆ ಬಾರಿಸಲೆಂದೇ ಮಾಡಿದ ಯಂತ್ರ. "ಯಾವಾಗಿನದು?" ಎಂದೆ. ಅಜ್ಜಿಯ ಮಾತು ಈಗ ತೂಕದ್ದಾಯಿತು: "1386ರದ್ದು ಇರಬೇಕು, ಅದಕ್ಕೂ ಹಿಂದಿನದಿದ್ದರೂ ಇದ್ದೀತು." ಗಡಿಯಾರದ ಮೇಲೆ ಇಸವಿಯೇನೂ ಇಲ್ಲ. ಆ ವರ್ಷದ ಪತ್ರವೊಂದರಲ್ಲಿ ಗಡಿಯಾರ ನೋಡಿಕೊಳ್ಳುವವನ ಮನೆಯ ಪ್ರಸ್ತಾಪವಿದೆ. ಅವನಿದ್ದ ಮೇಲೆ ಗಡಿಯಾರವೂ ಇತ್ತಲ್ಲ! ಆದರೆ ಅದು ಇದೇನಾ ಎಂದು ತಕರಾರು ತೆಗೆಯುವ ತಜ್ಞರೂ ಇದ್ದಾರೆ. ನಮ್ಮ ಬಾದಾಮಿಯ ಬಂಡೆಯ ಮೇಲೆ ಪುಲಕೇಶಿ ಶಕವರ್ಷ 465 ಎಂದೇ ಕೆತ್ತಿಸಿಟ್ಟಿದ್ದಾನೆ. ಅಲ್ಲಿ 'ಇರಬೇಕು' ಎನ್ನುವ ಸುಖವಿಲ್ಲ.

ಪಕ್ಕದ ಸಭಾಗೃಹದ ಮಬ್ಬುಬೆಳಕಿನಲ್ಲಿ 1215ರ ಮ್ಯಾಗ್ನಾ ಕಾರ್ಟಾ. ಉಳಿದಿರುವ ನಾಲ್ಕು ಪ್ರತಿಗಳಲ್ಲಿ ಒಂದು. ಒಂದೇ ಚರ್ಮದ ಹಾಳೆ, ಸಾಸಿವೆ ಚೆಲ್ಲಿದಂತೆ ಲ್ಯಾಟಿನ್ ಅಕ್ಷರ. ಇಷ್ಟು ಹಳೆಯದೂ ಇಂಗ್ಲಿಷ್ ಕಾನೂನಿನ ಕಣ್ಣಿಗೆ 'ನೆನಪಿನೊಳಗಿನದು'. ಅನಾದಿಕಾಲ ಎನ್ನುವುದಕ್ಕೂ ಆ ಜನ ತಾರೀಖು ಗೊತ್ತುಮಾಡಿದ್ದಾರೆ: 1189ರ ಸೆಪ್ಟೆಂಬರ್ 3, ಒಂದನೇ ರಿಚರ್ಡ್ ಪಟ್ಟಕ್ಕೆ ಬಂದ ದಿನ. 1275ರ ಶಾಸನ ಎಳೆದ ಗೆರೆ ಇದು. ಅಂದಿನಿಂದ ನಡೆದುಬಂದ ರೂಢಿ ಎಂದರೆ ಅನಾದಿಯಿಂದ ಬಂದದ್ದೆಂದೇ ಲೆಕ್ಕ. ಅನಾದಿಗೂ ಒಂದು ಆದಿ! ನನಗೆ ನಗು ತಡೆಯಲಿಲ್ಲ.

ಮರುದಿನ ದಕ್ಷಿಣಕ್ಕೆ, ನ್ಯೂ ಫಾರೆಸ್ಟ್ ಕಡೆ ಹೊರಟೆ. ಗಿಡ್ಡ ಕುದುರೆಯೊಂದು ರಸ್ತೆಗೆ ಅಡ್ಡ ನಿಂತಿತ್ತು. ಅದು ಕದಲುವವರೆಗೆ ಡ್ರೈವರ್ ಹಾರ್ನ್ ಕೂಡ ಹೊಡೆಯದೆ ಕಾದ. ಹೆಸರಿಗೆ 'ಹೊಸ' ಕಾಡು. ವಿಲಿಯಂ ದೊರೆ ಇದನ್ನು ತನ್ನ ಬೇಟೆಗೆಂದು ಕಾಯ್ದಿರಿಸಿದ್ದು 1079ರ ಸುಮಾರಿಗೆ, ಅಂದರೆ ಅನಾದಿಗಿಂತ ನೂರಹತ್ತು ವರ್ಷ ಮೊದಲು.