ಲೆಕ್ಕದ ಕಟ್ಟಿನೊಳಗಿನ ಯಂತ್ರ

ಕಡಕೊಳದ ನಮ್ಮ ಮನೆಯ ಹಾಲಿನ ಲೆಕ್ಕ, ಆಳುಗಳ ಕೂಲಿ, ಕೈಗಡ ಇವನ್ನೆಲ್ಲ ತಂದೆಯವರು ಕಾಲವಾದ ಮೇಲೆ ನಾವು ಗಣಕದಲ್ಲಿ, ಲಿಬ್ರೆಆಫೀಸಿನ ‘ಬೇಸ್’ ಎಂಬ ಭಾಗದಲ್ಲಿ ಇಡತೊಡಗಿದೆವು. ಪುಕ್ಕಟೆಯಾಗಿ ದೊರೆಯುವ ತಂತ್ರಾಂಶವದು; ಅದರ ಮೂಲವನ್ನು ಯಾರು ಬೇಕಾದರೂ ನೋಡಬಹುದು.

ಒಂದು ಸಂಜೆ ವಿದ್ಯುತ್ತು ಹೋಯಿತು. ಕಡತವನ್ನು ಉಳಿಸದಿದ್ದುದು ನಮ್ಮದೇ ಅಲಕ್ಷ್ಯ. ಕೂಲಿಯಾಕೆ ಬಾಯಲ್ಲಿ ಹೇಳಿದಷ್ಟನ್ನೇ ಕೊಟ್ಟೆವು. ಪಾಪ, ಆಕೆ ಕಡಮೆಯೇ ಹೇಳಿದಳೆಂದು ನಮಗೆ ಈಗಲೂ ಸಂದೇಹ.

ವಿಚಾರಿಸಲಾಗಿ ತಿಳಿದದ್ದಿಷ್ಟು: ಬೇಸ್‌ನ ಕಡತವೊಂದು ಕಟ್ಟು. ಅದರೊಳಗಿನ ಹೆಚ್‌ಎಸ್‌ಕ್ಯೂಎಲ್‌ಡಿಬಿ ಎಂಬ ಯಂತ್ರಕ್ಕೆ ಜಾವಾ ಬೇಕು; ನಾವು ಉಳಿಸಿದಾಗಲೇ ಲೆಕ್ಕವು ಕಟ್ಟಿಗೆ ಸೇರುವುದು. ಇದಕ್ಕೆ ಬದಲಾಗಿ, 2000ದಲ್ಲಿ ಬಹಿರಂಗವಾದ ಇಂಟರ್‌ಬೇಸ್‌ನ ಮೂಲದಿಂದ ಹುಟ್ಟಿದ ಫೈರ್‌ಬರ್ಡನ್ನು ತರಬೇಕೆಂದು 2018ರ 6.1ನೆಯ ಆವೃತ್ತಿಯ ವೇಳೆಗೆ ನಿಶ್ಚಯಿಸಿದ್ದರು. ಅದಕ್ಕೆ ಜಾವಾದ ಹಂಗಿಲ್ಲ. ಆದರೆ ಹಳೆಯ ಲೆಕ್ಕಗಳನ್ನು ಹೊಸದಕ್ಕೆ ಸಾಗಿಸುವುದು ಸುಲಭವಾಗಲಿಲ್ಲ. ಫೈರ್‌ಬರ್ಡು ಮತ್ತೆ ಪರೀಕ್ಷೆಯ ಸಾಲಿಗೇ ಸರಿಯಿತು. ಕಟ್ಟುವವರೇ ಹಿಂಜರಿದಿರುವಾಗ ನಾವು ಮುನ್ನುಗ್ಗುವುದೆಂತು?

ಅಂತು ಹಳೆಯದನ್ನೇ ಇಟ್ಟುಕೊಂಡೆವು. ಶನಿವಾರ ಶನಿವಾರ ಎಲ್ಲವನ್ನೂ ಬರಿಯ ಅಕ್ಷರಗಳ ಕಡತವಾಗಿಯೂ ತೆಗೆದಿಡುತ್ತೇವೆ. ತಂದೆಯವರ ಕೆಂಪು ರಟ್ಟಿನ ವಹಿ ಅಟ್ಟದಿಂದ ಇಳಿದಿದೆ; ಕೂಲಿಯನ್ನು ಮಾತ್ರ ಅದರಲ್ಲಿಯೂ ಬರೆಯುತ್ತೇವೆ.